ಫೋನಿನ ಗುರುತು: ಫ್ಲ್ಯಾಶ್ ಮಾಡುವ ಮುನ್ನ ಒಂದು ಪ್ರತಿ



ಹುಬ್ಬಳ್ಳಿಯ ಕೊಪ್ಪಿಕರ್ ರೋಡ್, ದಾಜಿಬಾನಪೇಟೆ, ಧಾರವಾಡದ ಸುಭಾಸ ರೋಡ್, ಟಿಕಾರೆ ರೋಡ್ ಕಡೆ ಹೋದವರಿಗೆ ಮೊಬೈಲ್ ರಿಪೇರಿ ಅಂಗಡಿಗಳ ಗದ್ದಲ ಗೊತ್ತಿರುತ್ತದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಿಂದ ಬಸ್ಸು ಹತ್ತಿ ಬಂದವರೂ ಸಂತೆಯ ಕೆಲಸ, ದವಾಖಾನೆಯ ಕೆಲಸ ಮುಗಿಸಿಕೊಂಡು ಈ ಅಂಗಡಿಗಳ ಮುಂದೆ ನಿಲ್ಲುತ್ತಾರೆ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದು: "ಫೋನ್ ಭಾಳ ಹ್ಯಾಂಗ್ ಆಗಾಕತ್ತೈತ್ರಿ, ಸಾಫ್ಟ್‌ವೇರ್ ಹಾಕಿ ಕೊಡ್ರಿ." ಅಂಗಡಿಯವರು ಕಂಪ್ಯೂಟರಿಗೆ ಕೇಬಲ್ ಜೋಡಿಸಿ ಹೊಸ ಸಾಫ್ಟ್‌ವೇರ್ ತುಂಬಿ ಕೊಡುತ್ತಾರೆ. ಇದಕ್ಕೆ ಫ್ಲ್ಯಾಶ್ ಮಾಡುವುದು ಎನ್ನುತ್ತಾರೆ. ಬಹಳಷ್ಟು ಸಲ ಎಲ್ಲವೂ ಸರಿಹೋಗುತ್ತದೆ. ಕೆಲವೊಮ್ಮೆ ಮಾತ್ರ ಅದೇ ಗಿರಾಕಿ ಮರುದಿನ ತಿರುಗಿ ಬರುತ್ತಾರೆ: "ಫೋನ್ ಚಾಲೂ ಆಗೈತ್ರಿ, ಆದ್ರ ನೆಟ್‌ವರ್ಕ್ ಬರವಲ್ದು."

ಸಿಮ್ ತೆಗೆದು ಹಾಕಿ ನೋಡುತ್ತಾರೆ. ಬೇರೆ ಕಂಪನಿಯ ಸಿಮ್ ಹಾಕುತ್ತಾರೆ. ಟವರ್ ಸರಿ ಇಲ್ಲವೇನೋ ಎಂದು ಕಾಯುತ್ತಾರೆ. ಪರದೆಯ ಮೇಲೆ "ತುರ್ತು ಕರೆಗಳು ಮಾತ್ರ" ಎಂದು ಇರುತ್ತದೆಯೇ ಹೊರತು ಕರೆ ಹೋಗುವುದಿಲ್ಲ. ಕೊನೆಗೆ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಎಂದು ಒತ್ತಿ ನೋಡಿದರೆ ರೋಗ ಎಲ್ಲಿದೆ ಎಂದು ತಿಳಿಯುತ್ತದೆ. ಅಲ್ಲಿ ಕಾಣಬೇಕಾದ 15 ಅಂಕಿಗಳ ಬದಲು ಬರೀ ಸೊನ್ನೆಗಳು, ಇಲ್ಲವೇ ಖಾಲಿ ಜಾಗ. ಫೋನು ತನ್ನ ಗುರುತನ್ನೇ ಕಳೆದುಕೊಂಡಿದೆ.

ಈ ಗುರುತು ಏನು, ಫ್ಲ್ಯಾಶ್ ಮಾಡುವಾಗ ಅದು ಹೇಗೆ ಅಳಿಯುತ್ತದೆ, ಅದನ್ನು ಕಾಯ್ದಿಡುವ ಮತ್ತು ಮರಳಿ ಕೂಡಿಸುವ ಸರಿಯಾದ ದಾರಿ ಯಾವುದು ಎಂಬುದು ಇಂದಿನ ಮಾತು. ಫೋನಿನ ಒಡೆಯರಿಗೂ, ರಿಪೇರಿಯನ್ನೇ ಹೊಟ್ಟೆಪಾಡು ಮಾಡಿಕೊಂಡ ನಮ್ಮ ಅವಳಿನಗರದ ಯುವಕರಿಗೂ ಇದು ತಿಳಿದಿರಲೇಬೇಕು ಎಂದು ನನ್ನ ನಂಬಿಕೆ.

ಮೊದಲು ಆ 15 ಅಂಕಿಗಳ ವಿಚಾರ. ಇದಕ್ಕೆ ಐಎಂಇಐ ಎನ್ನುತ್ತಾರೆ. ಎರಡು ಸಿಮ್ ಹಾಕುವ ಫೋನಿನಲ್ಲಿ ಎರಡು ಐಎಂಇಐ ಇರುತ್ತವೆ. ಮೊದಲ 8 ಅಂಕಿಗಳು ಫೋನಿನ ಮಾದರಿಯನ್ನು ಹೇಳುತ್ತವೆ. ಜಗತ್ತಿನ ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್‌ಎಂಎ ಈ ಸಂಖ್ಯೆಗಳ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಅವುಗಳಲ್ಲೂ ಮೊದಲ ಎರಡು ಅಂಕಿಗಳನ್ನು ನೋಡಿದರೆ ಸಂಖ್ಯೆ ಕೊಟ್ಟ ಸಂಸ್ಥೆ ಯಾವ ದೇಶದ್ದು ಎಂದು ಗೊತ್ತಾಗುತ್ತದೆ: 35 ಎಂದಿದ್ದರೆ ಬ್ರಿಟನ್, 86 ಎಂದಿದ್ದರೆ ಚೀನಾ, 91 ಎಂದಿದ್ದರೆ ನಮ್ಮ ಭಾರತ. ಮುಂದಿನ 6 ಅಂಕಿಗಳು ಆ ಮಾದರಿಯ ಒಂದೊಂದು ಫೋನಿಗೂ ಬೇರೆ ಬೇರೆ. ಕೊನೆಯ ಒಂದು ಅಂಕಿ ತಾಳೆಗಾಗಿ ಇದೆ. ಹಿಂದಿನ 14 ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಪಡೆದಿರುತ್ತಾರೆ, ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ ರೂಪಿಸಿದ ಈ ಲೆಕ್ಕಕ್ಕೆ 1960ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಬ್ಯಾಂಕ್ ಕಾರ್ಡಿನ ಸಂಖ್ಯೆಗಳಲ್ಲೂ ಇದೇ ಲೆಕ್ಕವಿದೆ.

ನಮ್ಮ ಕಡೆಯ ಹೊಲಕ್ಕೆ ಸರ್ವೆ ನಂಬರು ಇದ್ದ ಹಾಗೆ ಇದು. ಒಂದು ವರ್ಷ ಹತ್ತಿ ಬಿತ್ತಬಹುದು, ಇನ್ನೊಂದು ವರ್ಷ ಹೆಸರು, ಮತ್ತೊಂದು ವರ್ಷ ಶೇಂಗಾ. ಉತಾರದಲ್ಲಿ ಬೆಳೆಯ ಹೆಸರು ಬದಲಾದೀತು, ಸರ್ವೆ ನಂಬರು ಅದೇ. ಹಾಗೆಯೇ ಫೋನಿನಲ್ಲಿ ಆಂಡ್ರಾಯ್ಡ್ ಎಷ್ಟು ಸಲ ಬದಲಾದರೂ ಐಎಂಇಐ ಬದಲಾಗಬಾರದು.

ಆದರೆ ಫೋನಿನ ಗುರುತು ಐಎಂಇಐಗೆ ಮುಗಿಯುವುದಿಲ್ಲ. ಅದರ ಜೊತೆ ವೈಫೈ ವಿಳಾಸ, ಬ್ಲೂಟೂತ್ ವಿಳಾಸ ಇರುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದರೂ ಯಾರ ಕಣ್ಣಿಗೂ ಬೀಳದ ಇನ್ನೊಂದು ಇದೆ: ರೇಡಿಯೋ ಕ್ಯಾಲಿಬ್ರೇಶನ್ನಿನ ಅಂಕಿಗಳು. ಬಾನುಲಿ ಕೇಳುವ ನಿಮಗೆ ಇದು ಬೇಗ ಅರ್ಥವಾದೀತು. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗದ ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಪ್ರಸಾರಯಂತ್ರ ಆ ಜಾಗ ಬಿಟ್ಟು ಕದಲದಂತೆ, ಅದರ ಶಕ್ತಿ ಏರುಪೇರಾಗದಂತೆ ಎಂಜಿನಿಯರುಗಳು ನೋಡಿಕೊಳ್ಳುತ್ತಾರೆ. ನಿಮ್ಮ ಕಿಸೆಯಲ್ಲಿರುವ ಮೊಬೈಲ್ ಕೂಡ ಒಂದು ಚಿಕ್ಕ ಪ್ರಸಾರಯಂತ್ರವೇ. ಒಂದೇ ಕಾರ್ಖಾನೆಯಲ್ಲಿ, ಒಂದೇ ದಿನ ತಯಾರಾದ ಎರಡು ಫೋನುಗಳ ಬಿಡಿಭಾಗಗಳಲ್ಲೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಪ್ರತಿಯೊಂದು ಫೋನನ್ನೂ ಅಳತೆಯ ಯಂತ್ರಕ್ಕೆ ಜೋಡಿಸಿ, ಅದು ಎಷ್ಟು ಶಕ್ತಿಯಲ್ಲಿ ತರಂಗ ಬಿಡುತ್ತಿದೆ, ಕಂಪನಾಂಕ ಎಷ್ಟು ಅತ್ತಿತ್ತ ಸರಿದಿದೆ ಎಂದು ಅಳೆದು, ತಿದ್ದುಪಡಿಯ ಅಂಕಿಗಳನ್ನು ಅದರೊಳಗೇ ಬರೆಯುತ್ತಾರೆ. ಈ ಅಂಕಿಗಳು ಹೋದರೆ ಸಿಗ್ನಲ್ ಕುಂದಬಹುದು, ಮಾತು ನಡುವೆ ಕಡಿಯಬಹುದು, ಬ್ಯಾಟರಿ ಬೇಗ ಇಳಿಯಬಹುದು.

ನಾನು ಇಂದು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಫೋನಿನಲ್ಲಿರುವ ಆಂಡ್ರಾಯ್ಡ್ ಹಾಳಾದರೆ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಆ ಮಾದರಿಯ ಲಕ್ಷಾಂತರ ಫೋನುಗಳಿಗೆ ಅದೇ ಸಾಫ್ಟ್‌ವೇರ್ ಸಾಕು. ಈ ಗುರುತಿನ ಕಡತಗಳು ಮಾತ್ರ ಆ ಒಂದು ಫೋನಿಗಾಗಿ ಬರೆದವು. ಯಾವ ಡೌನ್‌ಲೋಡಿನಲ್ಲೂ ಅವು ಸಿಗುವುದಿಲ್ಲ. ಪಕ್ಕದವರ ಅದೇ ಮಾದರಿಯ ಫೋನಿನಿಂದ ತಂದು ಹಾಕಿದರೆ ಅದು ಪಕ್ಕದವರ ಗುರುತಾಗುತ್ತದೆ. ಇಡೀ ಫೋನಿನ ಸಂಗ್ರಹದಲ್ಲಿ ಇವು ಹಿಡಿಯುವ ಜಾಗ ಬಹಳ ಕಡಿಮೆ. ಅಷ್ಟು ಚಿಕ್ಕದನ್ನು ನಕಲು ಮಾಡಿಡದೆ ಫ್ಲ್ಯಾಶ್ ಮಾಡಲು ಹೊರಡುವುದು ದೊಡ್ಡ ಅಪಾಯ.

ಇವು ಫೋನಿನ ಒಳಗೆ ಎಲ್ಲಿರುತ್ತವೆ? ಫೋನಿನ ಸಂಗ್ರಹವನ್ನು ಪಾರ್ಟಿಶನ್ ಎಂಬ ಭಾಗಗಳಾಗಿ ಹಂಚಿರುತ್ತಾರೆ. ಗುರುತಿನ ಭಾಗದ ಹೆಸರು ಚಿಪ್ಪಿಗೆ ತಕ್ಕಂತೆ ಬದಲಾಗುತ್ತದೆ. ಸ್ಯಾಮ್ಸಂಗ್ ಫೋನುಗಳಲ್ಲಿ ಅದು ಇಎಫ್‌ಎಸ್. ರಿಪೇರಿಯವರ ಬಾಯಲ್ಲಿ ಈ ಹೆಸರೇ ಎಲ್ಲ ಫೋನುಗಳಿಗೂ ಬಳಕೆಯಾಗುತ್ತದೆ. ಮೀಡಿಯಾಟೆಕ್ ಚಿಪ್ ಇರುವ ಫೋನುಗಳಲ್ಲಿ ಎನ್‌ವಿರಾಮ್, ಎನ್‌ವಿಡೇಟಾ, ಜೊತೆಗೆ ಪ್ರೊಟೆಕ್ಟ್ ಹೆಸರಿನ ಎರಡು ಭಾಗಗಳಿರುತ್ತವೆ. ಕ್ವಾಲ್ಕಾಮ್ ಚಿಪ್ ಇದ್ದರೆ ಮೋಡೆಮ್‌ಎಸ್‌ಟಿ 1, ಮೋಡೆಮ್‌ಎಸ್‌ಟಿ 2, ಎಫ್‌ಎಸ್‌ಜಿ. ಮೊದಲೆರಡು ದಿನನಿತ್ಯದ ಬಳಕೆಯ ಪ್ರತಿಗಳು, ಎಫ್‌ಎಸ್‌ಜಿ ಕಾರ್ಖಾನೆಯಲ್ಲಿ ಇಟ್ಟ ಮೂಲ ಪ್ರತಿ. ಮೊದಲೆರಡು ಕೆಟ್ಟರೂ ಮೂಲ ಪ್ರತಿ ಉಳಿದಿದ್ದರೆ ನೆಟ್‌ವರ್ಕ್ ನೋಡಿಕೊಳ್ಳುವ ಮೋಡೆಮ್ ಅವನ್ನು ಅದರಿಂದ ಮತ್ತೆ ಕಟ್ಟಿಕೊಳ್ಳಬಲ್ಲದು. ಮೂರೂ ಅಳಿದರೆ ಕಷ್ಟ. ಪರ್ಸಿಸ್ಟ್ ಎಂಬ ಇನ್ನೊಂದು ಭಾಗದಲ್ಲಿ ಸೆನ್ಸರುಗಳ ಅಳತೆಗಳಿರುತ್ತವೆ. ಕೆಲವು ಫೋನುಗಳಲ್ಲಿ ಇದು ಹೋದರೆ ಪರದೆಯೊಳಗಿನ ಬೆರಳಚ್ಚು ಓದುವ ವ್ಯವಸ್ಥೆಯೇ ಕೈಕೊಡುತ್ತದೆ.

ಇಲ್ಲಿ ಒಂದು ಭಯವನ್ನು ಹೋಗಲಾಡಿಸಬೇಕು. ಕಂಪನಿಯಿಂದ ಫೋನಿಗೆ ತಾನಾಗಿ ಬರುವ ಅಪ್‌ಡೇಟ್ ಈ ಭಾಗಗಳನ್ನು ಅಳಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನೀವು ಮಾಡುವ ಫ್ಯಾಕ್ಟರಿ ರೀಸೆಟ್ ಕೂಡ ನಿಮ್ಮ ಫೋಟೋ, ಸಂದೇಶ, ಆ್ಯಪ್‌ಗಳನ್ನು ಅಳಿಸುತ್ತದೆ, ಐಎಂಇಐಯನ್ನು ಮುಟ್ಟುವುದಿಲ್ಲ. ಆದ್ದರಿಂದ ಭದ್ರತೆಯ ಅಪ್‌ಡೇಟುಗಳನ್ನು ಹೆದರದೆ ಹಾಕಿಕೊಳ್ಳಿ. ಅಪಾಯ ಇರುವುದು ಕಂಪ್ಯೂಟರಿಗೆ ಜೋಡಿಸಿ ಫ್ಲ್ಯಾಶ್ ಮಾಡುವಾಗ, ಅದೂ ಕೆಲವು ಆಯ್ಕೆಗಳನ್ನು ಒತ್ತಿದಾಗ.

ಮೀಡಿಯಾಟೆಕ್ ಫೋನುಗಳಿಗೆ ಬಳಸುವ ಎಸ್‌ಪಿ ಫ್ಲ್ಯಾಶ್ ಟೂಲಿನಲ್ಲಿ ಮೂರು ಆಯ್ಕೆಗಳಿವೆ: "ಡೌನ್‌ಲೋಡ್ ಓನ್ಲಿ", "ಫರ್ಮ್‌ವೇರ್ ಅಪ್‌ಗ್ರೇಡ್", "ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್". ಮೂರನೆಯದು ಇಡೀ ಸಂಗ್ರಹವನ್ನು ಗುಡಿಸಿ ಹಾಕುತ್ತದೆ, ಎನ್‌ವಿರಾಮ್ ಕೂಡ ಅದರಲ್ಲೇ ಹೋಗುತ್ತದೆ. 2012ರಿಂದೀಚೆಗೆ ನಮ್ಮ ಪೇಟೆಗೆ ಬಂದ ಕಡಿಮೆ ಬೆಲೆಯ ಫೋನುಗಳಲ್ಲಿ ಮೀಡಿಯಾಟೆಕ್ ಚಿಪ್ಪಿನವು ಬಹಳ. ಇಂಥ ಫೋನಿನ ವೈಫೈ ಪಟ್ಟಿಯಲ್ಲಿ "ಎನ್‌ವಿರಾಮ್ ವಾರ್ನಿಂಗ್" ಎಂಬ ಹೆಸರು ಕಾಣಿಸಿಕೊಂಡರೆ ಆ ಭಾಗಕ್ಕೆ ಪೆಟ್ಟು ಬಿದ್ದಿದೆ ಎಂದೇ ತಿಳಿಯಬೇಕು. ಸ್ಯಾಮ್ಸಂಗ್ ಫೋನುಗಳಿಗೆ ಬಳಸುವ ಓಡಿನ್ ಎಂಬ ಸಾಫ್ಟ್‌ವೇರಿನಲ್ಲಿ "ನ್ಯಾಂಡ್ ಇರೇಸ್" ಎಂಬ ಟಿಕ್ ಹಾಕುವ ಪೆಟ್ಟಿಗೆ ಇದೆ. ಸಾಮಾನ್ಯ ಫ್ಲ್ಯಾಶ್‌ಗೆ ಅದನ್ನು ಒತ್ತುವ ಅಗತ್ಯವೇ ಇಲ್ಲ. ಬೇರೆ ಮಾದರಿಯ ಸಾಫ್ಟ್‌ವೇರ್ ತುಂಬುವುದು, ಹೊಸ ಆವೃತ್ತಿಯಿಂದ ಹಳೆಯದಕ್ಕೆ ಇಳಿಯುವುದು, ಇವೂ ಗುರುತನ್ನು ಕೆಡಿಸಬಲ್ಲವು. ಗ್ಯಾಲಕ್ಸಿ ಎಸ್ 3 ಫೋನಿನಲ್ಲಿ ಹೀಗೇ ಆಯಿತು. 2013ರ ಕೊನೆಗೆ ಬಂದ ಆಂಡ್ರಾಯ್ಡ್ 4.3 ಅದರ ಇಎಫ್‌ಎಸ್ ರಚನೆಯನ್ನೇ ಬದಲಿಸಿತು. ಆಮೇಲೆ ಹಳೆಯ ಆವೃತ್ತಿಗೆ ಇಳಿದವರ ಎಷ್ಟೋ ಫೋನುಗಳು ಐಎಂಇಐ ಕಳೆದುಕೊಂಡವು.

ಹಳೆಯ ಸ್ಯಾಮ್ಸಂಗ್ ಫೋನುಗಳ ಇಎಫ್‌ಎಸ್ ಕೆಟ್ಟಾಗ ಇನ್ನೊಂದು ಸಂಗತಿ ಕಾಣುತ್ತಿತ್ತು. ಗುರುತಿನ ಕಡತದ ಜೊತೆ ತಾಳೆಯ ಕಡತವೂ ಅಲ್ಲಿ ಇರುತ್ತಿತ್ತು. ಎರಡೂ ಹೊಂದದಿದ್ದರೆ ಫೋನು ತಾನೇ ಒಂದು ಬದಲಿ ಕಡತ ಮಾಡಿಕೊಳ್ಳುತ್ತಿತ್ತು, ಪರದೆಯ ಮೇಲೆ 004999010640000 ಎಂಬ ಸಂಖ್ಯೆ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಕೆಟ್ಟರೂ ಹಾಂಬರ್ಗಿನಲ್ಲಿ ಕೆಟ್ಟರೂ ಇದೇ ಸಂಖ್ಯೆ. ಸಂಖ್ಯೆ ಕಾಣುತ್ತಿದೆ ಎಂದ ಮಾತ್ರಕ್ಕೆ ಗುರುತು ಉಳಿದಿದೆ ಎಂದು ನಂಬಬಾರದು, ಡಬ್ಬಿಯ ಮೇಲಿನ ಸಂಖ್ಯೆಯ ಜೊತೆ ಹೋಲಿಸಿಯೇ ನೋಡಬೇಕು.

ಈಗ ಪ್ರತಿ ತೆಗೆದಿಡುವ ವಿಧಾನ. ಎಲ್ಲರೂ ಮಾಡಬಹುದಾದ ಮೊದಲ ಕೆಲಸಕ್ಕೆ ಯಾವ ಯಂತ್ರವೂ ಬೇಡ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ, ಕಾಣುವ ಐಎಂಇಐಗಳನ್ನು ಮನೆಯ ಉತಾರ, ರೇಶನ್ ಕಾರ್ಡು ಇಡುವ ಜಾಗದಲ್ಲಿ ಒಂದು ಹಾಳೆಯ ಮೇಲೆ ಬರೆದಿಡಿ. ಫೋನಿನ ಡಬ್ಬಿ, ಖರೀದಿಯ ರಸೀದಿ ಎಸೆಯಬೇಡಿ.

ಎರಡನೆಯದು ರಿಪೇರಿಯವರ ಕೆಲಸ. ಮೀಡಿಯಾಟೆಕ್ ಫೋನಿನಲ್ಲಿ ಅದೇ ಎಸ್‌ಪಿ ಫ್ಲ್ಯಾಶ್ ಟೂಲಿನ "ರೀಡ್‌ಬ್ಯಾಕ್" ವಿಭಾಗದಿಂದ ಎನ್‌ವಿರಾಮ್, ಎನ್‌ವಿಡೇಟಾ, ಪ್ರೊಟೆಕ್ಟ್ ಭಾಗಗಳನ್ನು ಓದಿ ಕಂಪ್ಯೂಟರಿಗೆ ತೆಗೆದುಕೊಳ್ಳಬಹುದು. ಯಾವ ಭಾಗ ಎಲ್ಲಿ ಶುರುವಾಗುತ್ತದೆ, ಎಷ್ಟು ದೊಡ್ಡದು ಎಂಬುದು ಆ ಮಾದರಿಯ ಸ್ಕ್ಯಾಟರ್ ಕಡತದಲ್ಲಿ ಇರುತ್ತದೆ. ಬೂಟ್‌ಲೋಡರ್ (ಫೋನು ಚಾಲೂ ಆಗುವಾಗ ಮೊದಲು ನಡೆಯುವ ಸಾಫ್ಟ್‌ವೇರಿನ ಬೀಗ) ಮೊದಲೇ ತೆರೆದಿರುವ ಫೋನಿನಲ್ಲಿ ಟಿಡಬ್ಲ್ಯುಆರ್‌ಪಿ ಎಂಬ ರಿಕವರಿ ಇದ್ದರೆ, ಅದರ ಬ್ಯಾಕಪ್ ಪಟ್ಟಿಯಲ್ಲಿ ಇಎಫ್‌ಎಸ್ ಎಂಬುದನ್ನು ಗುರುತು ಮಾಡಿದರೆ ಆಯಿತು. ರೂಟ್ ಆಗಿರುವ, ಅಂದರೆ ಒಳಭಾಗಗಳನ್ನು ಮುಟ್ಟುವ ಪೂರ್ಣ ಅಧಿಕಾರ ತೆರೆದಿರುವ ಕ್ವಾಲ್ಕಾಮ್ ಫೋನಿನಲ್ಲಿ ಮೋಡೆಮ್‌ಎಸ್‌ಟಿ ಎರಡನ್ನೂ, ಎಫ್‌ಎಸ್‌ಜಿಯನ್ನೂ, ಪರ್ಸಿಸ್ಟನ್ನೂ ಒಂದೊಂದಾಗಿ ನಕಲು ಮಾಡಿಕೊಳ್ಳಬಹುದು.

ಪ್ರತಿ ತೆಗೆದ ಮೇಲೆ ನಾಲ್ಕು ವಿಷಯ ನೆನಪಿಡಿ. ಕಡತದ ಗಾತ್ರ ಸೊನ್ನೆ ಆಗಿಲ್ಲ ತಾನೆ ಎಂದು ನೋಡಿ. ಕಡತಕ್ಕೆ ಫೋನಿನ ಮಾದರಿ, ಸಾಫ್ಟ್‌ವೇರ್ ಆವೃತ್ತಿ, ತಾರೀಖು ಸೇರಿಸಿ ಹೆಸರಿಡಿ. ಅದನ್ನು ಫೋನಿನಲ್ಲೇ ಬಿಡದೆ ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಹೀಗೆ ಎರಡು ಕಡೆ ಇಡಿ. ಮತ್ತು ಅದನ್ನು ಬೇರೆ ಯಾರಿಗೂ ಕಳಿಸಬೇಡಿ, ಅದು ಫೋನಿನ ಒಡೆಯರ ಸ್ವತ್ತು.

ಇಲ್ಲೇ ಇನ್ನೊಂದು ಎಚ್ಚರಿಕೆ. ಕೇವಲ ಈ ಪ್ರತಿ ತೆಗೆಯುವ ಸಲುವಾಗಿ ಹೊಸ ಫೋನಿನ ಬೂಟ್‌ಲೋಡರ್ ತೆರೆಯಲು, ರೂಟ್ ಮಾಡಲು ಹೋಗಬೇಡಿ. ಬೂಟ್‌ಲೋಡರ್ ತೆರೆದೊಡನೆ ಫೋನಿನಲ್ಲಿರುವ ನಿಮ್ಮ ಮಾಹಿತಿ ಅಳಿಯುತ್ತದೆ. ಹಣಕಾಸಿನ ಕೆಲವು ಆ್ಯಪ್‌ಗಳು ಅಂಥ ಫೋನಿನಲ್ಲಿ ನಡೆಯುವುದನ್ನೇ ನಿಲ್ಲಿಸುತ್ತವೆ. ಸ್ಯಾಮ್ಸಂಗ್ ಫೋನಿನಲ್ಲಿ ನಾಕ್ಸ್ ಎಂಬ ಭದ್ರತೆಯ ಗುರುತು ಒಮ್ಮೆ ಮುರಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಬೂಟ್‌ಲೋಡರ್ ತೆರೆಯದ ಫೋನಿಗೆ ಕಂಪನಿಯದೇ ಸಾಫ್ಟ್‌ವೇರನ್ನು, ಅದೇ ಮಾದರಿಯದನ್ನು, ಅಳಿಸುವ ಆಯ್ಕೆಗಳನ್ನು ಮುಟ್ಟದೆ ತುಂಬುವುದೇ ಸುರಕ್ಷಿತ ದಾರಿ.

ಇನ್ನು ಮರಳಿ ಕೂಡಿಸುವ ಮಾತು. ಫ್ಲ್ಯಾಶ್ ಆದ ಮೇಲೆ ಗುರುತು ಹೋಗಿದೆ ಎಂದು ತಿಳಿದರೆ ಮೊದಲು ಕೈ ತಡೆಯಿರಿ. ಗಾಬರಿಯಲ್ಲಿ ಮೇಲಿಂದ ಮೇಲೆ ಬೇರೆ ಬೇರೆ ಸಾಫ್ಟ್‌ವೇರ್ ತುಂಬಿದಷ್ಟೂ ಉಳಿದಿರಬಹುದಾದ ಮೂಲ ಪ್ರತಿಯೂ ಅಳಿಯುವ ಸಂಭವ ಹೆಚ್ಚು. ಪ್ರತಿ ತೆಗೆದಾಗ ಇದ್ದ ಸಾಫ್ಟ್‌ವೇರ್ ಆವೃತ್ತಿಯನ್ನೇ ಮೊದಲು ಹಾಕಿ. ಆಮೇಲೆ ಅದೇ ಫೋನಿನಿಂದ ತೆಗೆದ ಕಡತಗಳನ್ನು ಅದೇ ಹೆಸರಿನ ಭಾಗಗಳಿಗೆ ಬರೆಯಿರಿ. ಎನ್‌ವಿರಾಮ್ ಒಂದನ್ನೇ ಬರೆದು ಬಿಡದೆ, ಜೊತೆಗೆ ತೆಗೆದ ಭಾಗಗಳನ್ನೆಲ್ಲ ಒಟ್ಟಿಗೆ ಕೂಡಿಸಿ. ಫೋನು ಚಾಲೂ ಆದ ಮೇಲೆ ಐಎಂಇಐ ಡಬ್ಬಿಯ ಸಂಖ್ಯೆಗೆ ಹೊಂದುತ್ತದೆಯೇ, ಎರಡೂ ಸಿಮ್ಮಿಗೆ ಸಿಗ್ನಲ್ ಬರುತ್ತದೆಯೇ, ಕರೆ ಹೋಗಿ ಬರುತ್ತದೆಯೇ, ವೈಫೈ, ಬ್ಲೂಟೂತ್ ಹತ್ತುತ್ತವೆಯೇ ಎಂದು ಒಂದೊಂದಾಗಿ ನೋಡಿ. ಕ್ವಾಲ್ಕಾಮ್ ಫೋನುಗಳಲ್ಲಿ ಈ ಕಡತಗಳು ಆ ಚಿಪ್ಪಿಗೆ ಮಾತ್ರ ತೆರೆದುಕೊಳ್ಳುವಂತೆ ಗೂಢಲಿಪಿಯಲ್ಲಿರುತ್ತವೆ, ಇನ್ನೊಂದು ಫೋನಿನ ಕಡತ ಅಲ್ಲಿ ನಡೆಯುವುದಿಲ್ಲ. ಪ್ರತಿಯೇ ಇಲ್ಲದಿದ್ದರೆ ರಸೀದಿ, ಡಬ್ಬಿ ಹಿಡಿದು ಕಂಪನಿಯ ಅಧಿಕೃತ ಸೇವಾಕೇಂದ್ರಕ್ಕೆ ಹೋಗುವುದೊಂದೇ ದಾರಿ. ಅಲ್ಲಿ ಬೋರ್ಡನ್ನೇ ಬದಲಿಸಬೇಕಾಗಬಹುದು, ಖರ್ಚು ಹೆಚ್ಚಾಗಬಹುದು. ಹಾಗಿದ್ದರೂ ಅದೇ ನೇರ ದಾರಿ.

ನೇರ ದಾರಿ ಎಂದೆ, ಏಕೆಂದರೆ ಅಡ್ಡದಾರಿಯೂ ಒಂದಿದೆ. ಬೇರೆ ಯಾವುದೋ ಫೋನಿನ 15 ಅಂಕಿಗಳನ್ನು ತಂದು ಬರೆದುಬಿಡುವುದು. ನೆಟ್‌ವರ್ಕ್ ಬಂದಂತೆ ಕಾಣುತ್ತದೆ, ಗಿರಾಕಿ ಸಂತೋಷದಿಂದ ಮನೆಗೆ ಹೋಗುತ್ತಾರೆ. ಆದರೆ ಇದು ಅಪರಾಧ. ಇದರ ಹಿಂದೆ ಒಂದು ಇತಿಹಾಸ ಇದೆ.

2008ರ ನವೆಂಬರಿನ ಮುಂಬಯಿ ದಾಳಿಯ ನಂತರ ಗುರುತಿಲ್ಲದ ಫೋನುಗಳ ಬಗ್ಗೆ ಸರ್ಕಾರದ ಕಾಳಜಿ ಹೆಚ್ಚಿತು. ಆಗ ದೊಡ್ಡ ಸ್ಪೀಕರಿನ, ಎರಡು ಸಿಮ್ಮಿನ, ಕಡಿಮೆ ಬೆಲೆಯ ಚೀನಾ ಸೆಟ್ಟುಗಳು ದೇಶದ ಎಲ್ಲ ಪೇಟೆಗಳಲ್ಲೂ ತುಂಬಿದ್ದವು. ಎಷ್ಟೋ ಸೆಟ್ಟುಗಳಿಗೆ ಐಎಂಇಐ ಇರಲಿಲ್ಲ, ಇದ್ದರೂ ಸಾವಿರಾರು ಸೆಟ್ಟುಗಳಿಗೆ ಒಂದೇ ಸಂಖ್ಯೆ ಇತ್ತು. ದೂರಸಂಪರ್ಕ ಇಲಾಖೆಯ ಆದೇಶದಂತೆ 2009ರ ನವೆಂಬರ್ 30ರ ಮಧ್ಯರಾತ್ರಿಯಿಂದ ಅಂಥ ಫೋನುಗಳ ಸಂಪರ್ಕ ಕಡಿಯಿತು. ಸುಮಾರು 2.5 ಕೋಟಿ ಫೋನುಗಳಿಗೆ ಇದು ತಟ್ಟುತ್ತದೆ ಎಂದು ಆಗಿನ ಪತ್ರಿಕೆಗಳು ಬರೆದವು. ಅವುಗಳನ್ನು ಕೊಂಡ ಬಡವರು ಮುಳುಗಬಾರದೆಂದು, ನಿಗದಿತ ಕೇಂದ್ರಗಳಲ್ಲಿ 199 ರೂಪಾಯಿ ಕೊಟ್ಟು ಅಧಿಕೃತ ಐಎಂಇಐ ಬರೆಸಿಕೊಳ್ಳುವ ಒಂದು ಯೋಜನೆಯೂ ಆಗ ನಡೆಯಿತು. ಗುರುತು ಬರೆಯುವ ಅಧಿಕಾರ ಯಾರಿಗೆ ಇರಬೇಕು ಎಂಬ ಪ್ರಶ್ನೆ ಜನಸಾಮಾನ್ಯರ ಬದುಕಿಗೆ ತಾಗಿದ್ದು ಆಗಲೇ.

ಕಾನೂನು ಅಂದಿನಿಂದ ಬಿಗಿಯಾಗುತ್ತ ಬಂದಿದೆ. 2017ರ ಆಗಸ್ಟಿನಲ್ಲಿ ಬಂದ ನಿಯಮಗಳು ಐಎಂಇಐಯನ್ನು ಬೇಕೆಂದೇ ಅಳಿಸುವುದನ್ನೂ ಬದಲಿಸುವುದನ್ನೂ ನಿಷೇಧಿಸಿದವು. 2023ರ ದೂರಸಂಪರ್ಕ ಕಾಯ್ದೆಯಂತೆ ಇಂಥ ಗುರುತುಗಳನ್ನು ತಿದ್ದಿದವರಿಗೆ 3 ವರ್ಷದವರೆಗೆ ಸೆರೆವಾಸ, ಇಲ್ಲವೇ 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗಿರಾಕಿಯ ಅವಸರಕ್ಕೆ ಕರಗಿ ಒಂದು ಸಂಖ್ಯೆ ಬರೆದುಕೊಡುವ ಹುಡುಗ ತನ್ನ ಜೀವನವನ್ನೇ ಪಣಕ್ಕಿಟ್ಟಂತೆ.

ಇದರಿಂದ ಸಾಮಾನ್ಯರಿಗೆ ಆಗುವ ನಷ್ಟವೂ ದೊಡ್ಡದು. ಕಳೆದ ಅಥವಾ ಕಳುವಾದ ಫೋನನ್ನು ಹುಡುಕಲು ಸಿಇಐಆರ್ ಎಂಬ ಕೇಂದ್ರೀಯ ವ್ಯವಸ್ಥೆ ಇದೆ. 2023ರ ಮೇ ತಿಂಗಳಿನಿಂದ ಸಂಚಾರ್ ಸಾಥಿ ಪೋರ್ಟಲಿನ ಮೂಲಕ ಅದು ಇಡೀ ದೇಶಕ್ಕೆ ಸಿಗುತ್ತಿದೆ. ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಮತ್ತು ಐಎಂಇಐ ಸಲ್ಲಿಸಿದರೆ ಆ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ತಡೆಯಬಹುದು. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಸುಳಿವು ಪೊಲೀಸರಿಗೆ ತಲುಪುತ್ತದೆ. ಹುಬ್ಬಳ್ಳಿ-ಧಾರವಾಡ ಪೊಲೀಸರೂ ಇದರ ನೆರವಿನಿಂದ ಫೋನುಗಳನ್ನು ಪತ್ತೆ ಮಾಡಿ ಒಡೆಯರಿಗೆ ಮರಳಿಸಿದ್ದಾರೆ. ಈ ಏರ್ಪಾಡೆಲ್ಲ ನಿಂತಿರುವುದು ಆ 15 ಅಂಕಿಗಳ ಮೇಲೆ. ಸಂಖ್ಯೆ ಸೊನ್ನೆಯಾದ ಫೋನನ್ನು ಯಾರೂ ಹುಡುಕಲಾರರು. ಎರವಲು ಸಂಖ್ಯೆಯ ಫೋನು ಇನ್ನೊಬ್ಬ ನಿರಪರಾಧಿಯ ಮನೆಬಾಗಿಲಿಗೆ ಪೊಲೀಸರನ್ನು ಕರೆತರಬಹುದು.

ಧಾರವಾಡದ ಸಪ್ತಾಪುರ ಭಾಗದಲ್ಲಿ ಪರೀಕ್ಷೆಗಳಿಗೆ ಓದುತ್ತಿರುವ ವಿದ್ಯಾರ್ಥಿಗಳು ದುಡ್ಡು ಉಳಿಸಲು ಸೆಕೆಂಡ್‌ಹ್ಯಾಂಡ್ ಫೋನು ಕೊಳ್ಳುವುದುಂಟು. ಅವರಿಗೆ ಒಂದು ಕಿವಿಮಾತು. ಹಣ ಕೊಡುವ ಮೊದಲು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, 15 ಅಂಕಿಗಳ ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಆ ಸಂಖ್ಯೆಯ ಫೋನು ಯಾವ ಕಂಪನಿಯದು, ಯಾವ ಮಾದರಿಯದು, ಅದನ್ನು ತಡೆಹಿಡಿದಿದ್ದಾರೆಯೇ ಎಂಬ ಉತ್ತರ ಬರುತ್ತದೆ. ಉತ್ತರದಲ್ಲಿ ಬಂದ ಮಾದರಿ ಬೇರೆ, ಕೈಯಲ್ಲಿರುವ ಫೋನು ಬೇರೆ ಆಗಿದ್ದರೆ ಕೊಳ್ಳಬೇಡಿ.

ಕೊನೆಯದಾಗಿ, ರಿಪೇರಿ ಕೆಲಸದ ಗೆಳೆಯರೇ, ಈ ಮಾತು ನಿಮಗೆ. ನೀವು ಮಾಡುತ್ತಿರುವುದು ದೊಡ್ಡ ಕೆಲಸ. ಹೊಸ ಫೋನು ಕೊಳ್ಳಲಾಗದ ಮನೆಗಳಿಗೆ ಹಳೆಯ ಫೋನನ್ನು ಇನ್ನೂ ಎರಡು ವರ್ಷ ನಡೆಯುವಂತೆ ಮಾಡಿಕೊಡುವವರು ನೀವು. ರೈತರಿಗೆ ಪೇಟೆ ಧಾರಣೆ, ಮಕ್ಕಳಿಗೆ ಪಾಠ, ಅಜ್ಜಿಗೆ ಪಿಂಚಣಿಯ ಸಂದೇಶ ಆ ಫೋನಿನಿಂದಲೇ ಸಿಗುತ್ತವೆ. ನಿಮ್ಮಲ್ಲಿ ಬಹಳ ಜನ ಕೈಕೆಲಸವನ್ನು ಹಿರಿಯ ಕೆಲಸಗಾರರ ಪಕ್ಕ ಕೂತು ಕಲಿತವರು. ಹೊಸದಾಗಿ ಕಲಿಯಲು ಬರುವ ಹುಡುಗರಿಗೆ ಫ್ಲ್ಯಾಶ್ ಮಾಡುವುದನ್ನು ಹೇಳಿಕೊಡುವ ಮೊದಲು ಪ್ರತಿ ತೆಗೆಯುವುದನ್ನು ಹೇಳಿಕೊಡಿ. ತೆಗೆಯಲು ಸಾಧ್ಯವಿರುವ ಎಲ್ಲ ಫೋನಿಗೂ ಪ್ರತಿ ತೆಗೆದು, ಅದನ್ನು ಗಿರಾಕಿಯ ಕೈಗೆ ಕೊಟ್ಟು, ರಸೀದಿಯ ಮೇಲೆ ಐಎಂಇಐ ಬರೆಯಿರಿ. ಸಾಧ್ಯವಿಲ್ಲದಿದ್ದರೆ ಹಾಗೆಂದು ಮೊದಲೇ ತಿಳಿಸಿ.

ಗಿರಾಕಿಗಳಾದ ನಾವೂ ಫೋನನ್ನು ಕೌಂಟರಿನ ಮೇಲಿಟ್ಟು ಅವಸರ ಮಾಡದೆ, "ಅಣ್ಣಾರ, ಫ್ಲ್ಯಾಶ್ ಮಾಡೂ ಮೊದಲ ಇಎಫ್‌ಎಸ್ ಬ್ಯಾಕಪ್ ತಗೊಳ್ರಿ" ಎಂದು ಕೇಳೋಣ. ಆ ಕೆಲಸಕ್ಕೆ ತಗಲುವ ಸಮಯಕ್ಕೆ ಕಾಯೋಣ, ಅದರ ಕೂಲಿಯನ್ನು ಚೌಕಾಸಿ ಮಾಡದೆ ಕೊಡೋಣ. ಅಂಗಡಿಗೆ ಬಂದಾಗ ಫೋನಿನಲ್ಲಿ ಯಾವ ಸಂಖ್ಯೆ ಇತ್ತೋ, ಅಂಗಡಿಯಿಂದ ಹೊರಡುವಾಗಲೂ ಅದೇ ಸಂಖ್ಯೆ ಇರಬೇಕು. ಅವಳಿನಗರದ ಪ್ರತಿಯೊಂದು ರಿಪೇರಿ ಅಂಗಡಿಯೂ ಇದನ್ನು ತನ್ನ ಕಸುಬಿನ ನಿಯಮವಾಗಿ ಮಾಡಿಕೊಳ್ಳಲಿ.